ಬಚ್ಚಲುಮನೆಯೊಳಗಿನ ಗ್ಯಾಸ್ ಗೀಜರ್: ಸೋರದ ಅನಿಲವೂ ಜೀವ ತೆಗೆಯಬಲ್ಲದು

ಗ್ಯಾಸ್ ಗೀಜರ್ ಹಾಕಿಸುವವರು ಸಾಮಾನ್ಯವಾಗಿ ಹೆದರುವುದು ಸಿಲಿಂಡರಿಗೆ. ರೆಗ್ಯುಲೇಟರ್ ಸರಿಯಾಗಿ ಕೂತಿದೆಯೇ, ಪೈಪು ಬಿರುಕು ಬಿಟ್ಟಿದೆಯೇ, ವಾಸನೆ ಬರುತ್ತಿದೆಯೇ ಎಂದು ನೋಡಿ, ಅಷ್ಟು ಸರಿಯಿದ್ದರೆ ನಿಶ್ಚಿಂತರಾಗುತ್ತಾರೆ. ತುಮಕೂರಿನ ಗುಬ್ಬಿ ಗೇಟ್ ಕಡೆ ಬಾಡಿಗೆಗಿರುವ ನನ್ನ ತಮ್ಮನ ಮನೆಯಲ್ಲಿ ನಡೆದ ಅನಾಹುತಕ್ಕೆ ಇವುಗಳಲ್ಲಿ ಯಾವುದೂ ಕಾರಣವಾಗಿರಲಿಲ್ಲ. ಅಲ್ಲಿ ಅನಿಲ ಸ್ವಲ್ಪವೂ ಸೋರಿರಲಿಲ್ಲ, ಗೀಜರ್ ಮೊದಲ ಯತ್ನಕ್ಕೇ ಹೊತ್ತಿಕೊಳ್ಳುತ್ತಿತ್ತು, ನೀರೂ ಚೆನ್ನಾಗಿ ಕಾಯುತ್ತಿತ್ತು. ಅಪಾಯ ಬಂದದ್ದು ಅನಿಲ ಉರಿದ ಮೇಲೆ ಗೀಜರಿನ ನೆತ್ತಿಯಿಂದ ಹೊರಬೀಳುವ ಗಾಳಿಯಿಂದ. ಆ ಗಾಳಿಗೆ ಹೊರಹೋಗುವ ದಾರಿಯನ್ನೇ ಬಿಡದೆ ಗೀಜರನ್ನು ಬಚ್ಚಲುಮನೆಯ ಗೋಡೆಗೆ ನೇತುಹಾಕಿದ ರೀತಿಯಿಂದ.

ಆ ಬಚ್ಚಲುಮನೆ 5 ಅಡಿ ಅಗಲ, 7 ಅಡಿ ಉದ್ದದ್ದು. ಮೇಲೆ ಗಾಜಿನ ಪಟ್ಟಿಗಳ ಒಂದು ಚಿಕ್ಕ ವೆಂಟಿಲೇಟರ್ ಇತ್ತು. ಚಳಿಗಾಳಿ ಮತ್ತು ಸೊಳ್ಳೆಯ ಕಾಟಕ್ಕೆ ಹಿಂದಿನ ಬಾಡಿಗೆದಾರರು ಅದಕ್ಕೆ ಥರ್ಮಾಕೋಲ್ ಹಾಳೆ ಅಂಟಿಸಿದ್ದರು. ಬಾಗಿಲು ಕೆಳಗೆ ಸಂದಿಯೇ ಇಲ್ಲದ ಪಿವಿಸಿ ಬಾಗಿಲು. ಮನೆ ಮಾಲೀಕರು ಕಳಿಸಿದ ಫಿಟ್ಟರ್ ಬಂದಾಗ ತಮ್ಮ, ಹೊಗೆ ಹೋಗುವುದಕ್ಕೆ ಪೈಪು ಹಾಕುವುದಿಲ್ಲವೇ ಎಂದು ಕೇಳಿದ್ದಾನೆ. "ಈ ಮಾಡೆಲ್‌ಗೆ ಪೈಪ್ ಬರಲ್ಲ ಸಾರ್, ಎಲ್ಲಾರ ಮನೇಲೂ ಹಿಂಗೇ ಹಾಕಿರೋದು, ಎಕ್ಸಾಸ್ಟ್ ಫ್ಯಾನ್ ಐತಲ್ಲ" ಎಂಬ ಉತ್ತರ ಬಂದಿದೆ. ಹೊಗೆಕೊಳವೆ ಕೂರಿಸಲು ಬಾಯಿಯೇ ಇಲ್ಲದ ಗೀಜರುಗಳು ಮಾರುಕಟ್ಟೆಯಲ್ಲಿ ಇರುವುದು ನಿಜ. ಆದರೆ ಅಂಥವನ್ನು ಬಚ್ಚಲುಮನೆಯ ಒಳಗೆ ಹಾಕಲೇಬಾರದು, ಗಾಳಿಯಾಡುವ ಹೊರಜಾಗದಲ್ಲಿ ಹಾಕಬೇಕು.

ಎಕ್ಸಾಸ್ಟ್ ಫ್ಯಾನಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಿಳಿದವರೂ ಇಲ್ಲಿ ಎಡವುತ್ತಾರೆ. ಫ್ಯಾನು ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಅಷ್ಟೇ ಗಾಳಿ ಇನ್ನೊಂದು ಕಡೆಯಿಂದ ಒಳಗೆ ಬರಬೇಕು. ಬಾಗಿಲು, ವೆಂಟಿಲೇಟರ್ ಎರಡೂ ಮುಚ್ಚಿರುವ ಕೋಣೆಯಲ್ಲಿ ಅದು ಸುಮ್ಮನೆ ಗುಂಯ್ಗುಡುತ್ತದೆ. ಗೀಜರಿಗೆ ಹೊಗೆಕೊಳವೆ ಇದ್ದ ಪಕ್ಷದಲ್ಲಂತೂ ಪರಿಸ್ಥಿತಿ ಇನ್ನೂ ಕೆಡಬಹುದು: ಬೇರೆ ದಾರಿ ಕಾಣದ ಫ್ಯಾನು ಆ ಕೊಳವೆಯ ಮೂಲಕವೇ ಹೊರಗಿನ ಗಾಳಿಯನ್ನು ಎಳೆಯುತ್ತದೆ, ಹೊರಹೋಗಬೇಕಾದ ಉರಿಗಾಳಿ ತಿರುಗಿ ಒಳಕ್ಕೇ ಇಳಿಯುತ್ತದೆ.

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಾಮಾನ್ಯ ಗೀಜರ್ ಗಂಟೆಗೆ ಸುಮಾರು 800 ಗ್ರಾಂ ಎಲ್‌ಪಿಜಿ ಉರಿಸುತ್ತದೆ, ಅಂದರೆ ಅಡುಗೆ ಒಲೆಯ ಒಂದು ಬರ್ನರಿನ ನಾಲ್ಕೈದು ಪಟ್ಟು. ಅಷ್ಟು ಅನಿಲ ಪೂರ್ತಿ ಉರಿಯಲು ಗಂಟೆಗೆ 10 ಘನ ಮೀಟರ್ ಗಾಳಿಯಾದರೂ ಬೇಕು. ಮೇಲೆ ಹೇಳಿದ ಬಚ್ಚಲುಮನೆಯಲ್ಲಿ ಇರುವ ಗಾಳಿಯೇ ಅಷ್ಟಿಲ್ಲ. ಆಮ್ಲಜನಕ ಪೂರ್ತಿ ಖಾಲಿಯಾಗುವವರೆಗೂ ಕಾಯಬೇಕಾಗಿಲ್ಲ. ಅದು ತುಸು ಕಡಿಮೆಯಾಗುತ್ತಿದ್ದಂತೆಯೇ ದಹನ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟತೊಡಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾವು ಗುರುತಿಸುವ ಗ್ಯಾಸಿನ ವಾಸನೆ, ಸೋರಿಕೆ ತಿಳಿಯಲೆಂದು ಎಲ್‌ಪಿಜಿಗೆ ಬೆರೆಸುವ ಮರ್ಕ್ಯಾಪ್ಟನ್ನಿನದು. ಅದು ಜ್ವಾಲೆಯಲ್ಲಿ ಸುಟ್ಟುಹೋಗಿರುತ್ತದೆ. ಹಳೆಯ ಮನೆಗಳಲ್ಲಿ ಹಂಡೆಯ ಒಲೆಯ ಹೊಗೆ ಕಣ್ಣುರಿಸುತ್ತಿದ್ದುದರಿಂದಲೇ ಬೆಳಕಿಂಡಿಯಿಲ್ಲದೆ ಯಾರೂ ಬಚ್ಚಲು ಕಟ್ಟುತ್ತಿರಲಿಲ್ಲ. ಕಣ್ಣುರಿಸದ ಈ ಗಾಳಿಗೆ ಕಿಂಡಿ ಬಿಡಬೇಕೆಂದು ಈಗ ಯಾರಿಗೂ ತೋಚುವುದಿಲ್ಲ.

ತಮ್ಮನ ಮನೆಯಲ್ಲಿ ಸೂಚನೆಗಳು ಮೊದಲೇ ಕಂಡಿದ್ದವು. ಸ್ನಾನ ಮುಗಿಸಿ ಬಂದ ಅಮ್ಮ ತಲೆ ಭಾರ, ವಾಕರಿಕೆ ಎನ್ನುತ್ತಿದ್ದರು, ಅದನ್ನು ಪಿತ್ತದ ಲೆಕ್ಕಕ್ಕೆ ಹಾಕಲಾಗಿತ್ತು. ಸಂಕ್ರಾಂತಿಯ ಬೆಳಿಗ್ಗೆ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ತಲೆಗೆ ನೀರು ಹಾಕಿಕೊಂಡರು, ಗೀಜರಿಗೆ ಬಿಡುವೇ ಇರಲಿಲ್ಲ. ಕೊನೆಯ ಸರದಿ ತಮ್ಮನ ಹೆಂಡತಿಯದು. ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು, ಕರೆದರೆ ಉತ್ತರವಿರಲಿಲ್ಲ. ಬಾಗಿಲು ಮುರಿದು ನೋಡಿದರೆ ಆಕೆ ನೆಲದ ಮೇಲೆ ಬಿದ್ದಿದ್ದಳು, ಕೈಕಾಲು ಸೆಟೆದುಕೊಂಡಿದ್ದವು.

ಆಸ್ಪತ್ರೆಯಲ್ಲಿ ಮೊದಲು ಬಂದ ಅನುಮಾನ ಮೂರ್ಛೆರೋಗದ್ದು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ತೋರಿಸುತ್ತಿತ್ತು. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ, ಮತ್ತು ಸಾಧಾರಣ ಆಕ್ಸಿಮೀಟರಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಯಂತ್ರದಲ್ಲಿ ಎಲ್ಲವೂ ಸರಿಯಾಗಿರುವಂತೆ ಕಾಣುತ್ತಿರುವಾಗಲೇ ಮೆದುಳಿಗೆ ಆಮ್ಲಜನಕ ಸಿಗದೆ ಹೋಗಿರುತ್ತದೆ. ನಂತರ ಬಂದ ಹಿರಿಯ ವೈದ್ಯರು "ಮನೆಯಲ್ಲಿ ಗ್ಯಾಸ್ ಗೀಜರ್ ಇದೆಯೇನಮ್ಮ?" ಎಂದು ಅಮ್ಮನನ್ನು ಕೇಳಿದ್ದರಿಂದ ಚಿಕಿತ್ಸೆಯ ದಾರಿ ಬದಲಾಯಿತು. ನಮ್ಮ ದೇಶದ ನರರೋಗ ತಜ್ಞರು ಇದಕ್ಕೆ ಗ್ಯಾಸ್ ಗೀಜರ್ ಸಿಂಡ್ರೋಮ್ ಎಂದೇ ಹೆಸರಿಟ್ಟು ಬರೆದಿದ್ದಾರೆ. ಬರಿಯ ಗಾಳಿಯಲ್ಲಿ ರಕ್ತದೊಳಗಿನ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೆ ಆಗುತ್ತದೆ. ಹಾಗಾಗಿ ಬಚ್ಚಲಿನಲ್ಲಿ ಬಿದ್ದವರನ್ನು ತಕ್ಷಣ ಬಯಲಿಗೆ ತಂದು, ಗೀಜರ್ ಆರಿಸಿ, 108ಕ್ಕೆ ಕರೆಮಾಡಿ, ವೈದ್ಯರಿಗೆ ಮೊದಲ ಮಾತಿನಲ್ಲೇ ಗೀಜರಿನ ವಿಷಯ ತಿಳಿಸಬೇಕು. ತಮ್ಮನ ಹೆಂಡತಿ ಚೇತರಿಸಿಕೊಂಡಳು. ಆದರೂ ಮರೆವು, ನಡಿಗೆಯ ತೊಂದರೆ ಮುಂತಾದವು ಕೆಲವರಲ್ಲಿ ವಾರಗಳ ನಂತರ ಕಾಣಿಸಿಕೊಳ್ಳುವುದುಂಟು ಎಂದು ವೈದ್ಯರು ಮತ್ತೆ ಮತ್ತೆ ಕರೆಸಿ ನೋಡಿದರು.

ಈಗ ಗೀಜರ್ ಯುಟಿಲಿಟಿಯ (ಪಾತ್ರೆ, ಬಟ್ಟೆ ತೊಳೆಯುವ ಜಾಗದ) ಹೊರಗೋಡೆಯ ಮೇಲಿದೆ, ಬಚ್ಚಲಿಗೆ ಬರುವುದು ಬಿಸಿನೀರಿನ ಕೊಳವೆ ಮಾತ್ರ. ನನ್ನ ಅಭಿಪ್ರಾಯದಲ್ಲಿ ಇದೊಂದೇ ಸರಿಯಾದ ಜಾಗ. ಬ್ರಿಟನ್ನಿನಲ್ಲಿ 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ, ಹೊರಗಿನಿಂದಲೇ ಗಾಳಿ ಎಳೆದು ಹೊರಕ್ಕೇ ಬಿಡುವ, ಕೋಣೆಯ ಗಾಳಿಯನ್ನು ಮುಟ್ಟದ ಮುಚ್ಚಿದ ಮಾದರಿಯ ಬಾಯ್ಲರನ್ನಲ್ಲದೆ ಬೇರೆಯದನ್ನು ಸ್ನಾನದ ಕೋಣೆಯಲ್ಲಿ ಅಳವಡಿಸುವಂತಿಲ್ಲ. ಅಳವಡಿಸುವವನೂ ನೋಂದಾಯಿತ ಕೆಲಸಗಾರನೇ ಆಗಿರಬೇಕು. ನಮ್ಮಲ್ಲಿ ಡ್ರಿಲ್ಲಿಂಗ್ ಮೆಷಿನ್ ಇದ್ದವರೆಲ್ಲ ಫಿಟ್ಟರುಗಳೇ.

ಯುಟಿಲಿಟಿಗೂ ಗಾಜಿನ ಕಿಟಕಿ ಕೂರಿಸಿ ಮುಚ್ಚಿಕೊಂಡಿರುವವರು ಹೊಗೆಕೊಳವೆಯಿರುವ ಮಾದರಿಯನ್ನೇ ಕೊಳ್ಳಬೇಕು. ಕೊಳವೆ ಲೋಹದ್ದಾಗಿರಬೇಕು, ಪಿವಿಸಿ ಬಿಸಿಗೆ ಕರಗುತ್ತದೆ. ಗೀಜರಿನ ಬಾಯಿಯ ಅಳತೆಗಿಂತ ಅದನ್ನು ಎಲ್ಲಿಯೂ ಕಿರಿದು ಮಾಡಬಾರದು, ತಿರುವುಗಳು ಆದಷ್ಟು ಕಡಿಮೆಯಿರಬೇಕು, ತುದಿ ಪೂರ್ತಿ ಹೊರಕ್ಕೆ ಚಾಚಿರಬೇಕು, ಪಾರಿವಾಳ ಗೂಡು ಕಟ್ಟದಂತೆ ಟೋಪಿ ಇರಬೇಕು, ಮತ್ತು ಅದು ಯಾರದೇ ಕಿಟಕಿಯ ಕೆಳಗೆ ತೆರೆಯಬಾರದು.

ಅನಿಲದ ಕೊಳವೆಯ ಬಗ್ಗೆ ಹೇಳುವುದು ಕಡಿಮೆಯಿದೆ. ಅಡುಗೆಮನೆಯ ಸಿಲಿಂಡರಿನ ಪೈಪಿಗೇ ಕವಲು ಜೋಡಣೆ (ಟೀ) ಹಾಕಿ, ಗೋಡೆಯಲ್ಲಿ ತೂತು ಕೊರೆದು ಉದ್ದನೆಯ ರಬ್ಬರ್ ಪೈಪ್ ಎಳೆಯುವ ಅಭ್ಯಾಸ ತಪ್ಪು. ಗೋಡೆ ದಾಟಲು ತಾಮ್ರದ ಅಥವಾ ಜಿಐ ಕೊಳವೆ ಇರಲಿ, ಗೀಜರಿಗೆ ಪ್ರತ್ಯೇಕ ವಾಲ್ವ್ ಇರಲಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಬೇಕೇ ಹೊರತು ಕಡ್ಡಿ ಗೀರಿ ಅಲ್ಲ. ಸೋರಿಕೆ ಕಂಡರೆ 1906ಕ್ಕೆ ಕರೆಮಾಡಬಹುದು. ಸಿಲಿಂಡರಿನ ಬದಲು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಸಂಪರ್ಕ ಬಂದರೆ, ಎಲ್‌ಪಿಜಿಗೆಂದು ಮಾಡಿದ ಗೀಜರನ್ನು ಜೆಟ್ (ಬರ್ನರಿಗೆ ಅನಿಲ ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಬದಲಿಸದೆ ಅದಕ್ಕೆ ಜೋಡಿಸಬಾರದು.

ಖರೀದಿಸುವಾಗ ಐಎಸ್‌ಐ ಮುದ್ರೆ ನೋಡಿ; ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಸೆನ್ಸರ್ ಇದೆಯೇ ಎಂದು ಕೇಳಿ. ಇದ್ದರೂ ಅದನ್ನು ನಂಬಿ ಬಚ್ಚಲಿನೊಳಗೆ ಹಾಕಿಸಬೇಡಿ. ಜ್ವಾಲೆ ಹಳದಿಯಾದರೆ ಅಥವಾ ಮುಂಭಾಗದಲ್ಲಿ ಮಸಿ ಕಂಡರೆ ಸರ್ವಿಸ್ ಆಗುವವರೆಗೆ ಬಳಸಬಾರದು. ಜ್ವಾಲೆ ನೀಲಿಯಾಗಿದೆ ಎಂಬುದೂ ಅಭಯವಲ್ಲ, ತಮ್ಮನ ಮನೆಯಲ್ಲಿ ಅದು ನೀಲಿಯಾಗಿಯೇ ಇತ್ತು.

ಅದೇ ಕಟ್ಟಡದ ಉಳಿದ ಮನೆಗಳಲ್ಲೂ ಅದೇ ಫಿಟ್ಟರ್ ಅದೇ ರೀತಿ ಗೀಜರ್ ಹಾಕಿದ್ದಾನೆ. ಕೆಳಗಿನ ಮನೆಯವರು ತೆಗೆಸಿದರು. ಮೇಲಿನ ಮನೆಯವರು ಮಾಲೀಕರ ಉತ್ತರಕ್ಕೆ ಕಾಯುತ್ತಾ, ಸದ್ಯಕ್ಕೆ ಬಾಗಿಲು ತೆರೆದಿಟ್ಟು ಬಕೆಟ್ಟುಗಳಿಗೆ ಬಿಸಿನೀರು ತುಂಬಿಕೊಂಡು, ಗೀಜರ್ ಆರಿಸಿ, ಒಳಗಿನ ಗಾಳಿ ಹೊರಹೋದ ಮೇಲೆ ಸ್ನಾನಕ್ಕಿಳಿಯುತ್ತಿದ್ದಾರೆ.