ತಾಲ್ಲೂಕಿನ ರೋಟರಿ, ಲಯನ್ಸ್ ಕ್ಲಬ್‌ಗಳು: ಮಕ್ಕಳಿಗೂ ಮನೆಯವರಿಗೂ ನಿಜವಾಗಿ ಸಿಗುವುದೇನು?

ಮೊದಲೇ ತೀರ್ಪು ಹೇಳಿಬಿಡುವುದು ಒಳ್ಳೆಯದು. ಒಂದೇ ದಿನದಲ್ಲಿ ಮುಗಿಯುವ ಕೆಲಸವನ್ನು ತಾಲ್ಲೂಕು ಮಟ್ಟದ ಸೇವಾ ಕ್ಲಬ್‌ಗಳಷ್ಟು ಚುರುಕಾಗಿ ಮಾಡುವವರು ಊರಲ್ಲಿ ಬೇರೆ ಯಾರೂ ಸಿಗುವುದಿಲ್ಲ. ಎರಡನೇ ವರ್ಷಕ್ಕೂ ನಡೆಯಬೇಕಾದ ಕೆಲಸ ಮಾತ್ರ ಹೆಚ್ಚಿನ ಕಡೆ ಕೈಕೊಡುತ್ತದೆ. ಕಾರಣ ಮನಸ್ಸಿನದಲ್ಲ, ಪಂಚಾಂಗದ್ದು. ರೋಟರಿಯಾಗಲಿ ಲಯನ್ಸ್ ಆಗಲಿ, ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಜೂನ್ 30ಕ್ಕೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಬದಲಾಗುತ್ತಾರೆ. ಸಂಬಳದ ಸಿಬ್ಬಂದಿ ಇರುವುದಿಲ್ಲ. ಸದಸ್ಯರೆಲ್ಲ ಡಾಕ್ಟರು, ಅಂಗಡಿಯವರು, ಗುತ್ತಿಗೆದಾರರು, ನಿವೃತ್ತ ಬ್ಯಾಂಕ್ ಅಧಿಕಾರಿಗಳು. ಹಿಂದಿನ ವರ್ಷ ಯಾವ ಮಗುವಿಗೆ ಎಷ್ಟು ಪವರಿನ ಕನ್ನಡಕ ಕೊಟ್ಟರು ಎಂಬ ಪಟ್ಟಿ ಹಳೆಯ ಕಾರ್ಯದರ್ಶಿಯ ಮೊಬೈಲಿನಲ್ಲೇ ಉಳಿದುಬಿಡುತ್ತದೆ.

ಕಣ್ಣಿನ ಶಿಬಿರದಿಂದಲೇ ಶುರುಮಾಡೋಣ. ಕ್ಲಬ್‌ಗಳು ಮಕ್ಕಳಿಗೆ ಕೊಡುವುದರಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ, ಅತಿ ಹೆಚ್ಚು ಕೆಡುವುದೂ ಇದೇ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ಅಂಧತ್ವದ ವಿರುದ್ಧ ನಿಲ್ಲಿ ಎಂದು ಕರೆ ಕೊಟ್ಟಂದಿನಿಂದ ಕಣ್ಣು ಲಯನ್ಸ್‌ನವರ ಮನೆದೇವರು. ಆದರೆ ಲೆಕ್ಕ ಹಾಕಿ ನೋಡಿ: ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ ಎಂದರೆ ಭಾಷಣ ಮುಗಿಯುವುದು ಹನ್ನೊಂದಕ್ಕೆ. ಉಳಿದ ನಾಲ್ಕು ಗಂಟೆಯಲ್ಲಿ ಕಣ್ಣಿನ ಪವರ್ ಅಳೆಯುವ ತಜ್ಞರು, ಅಂದರೆ ಆಪ್ಟೋಮೆಟ್ರಿಸ್ಟ್, ಒಬ್ಬರೇ ಮುನ್ನೂರು ಮಕ್ಕಳನ್ನು ನೋಡಿದರೆ ತಲೆಗೆ ಒಂದು ನಿಮಿಷವೂ ಸಿಗುವುದಿಲ್ಲ.

ಆದ್ದರಿಂದ ಮೊದಲ ಜರಡಿ ಶಾಲೆಯಲ್ಲೇ ಆಗಬೇಕು. ಬೆಳಕಿರುವ ಗೋಡೆಗೆ ಚಾರ್ಟ್ ಅಂಟಿಸಿ, 6 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅಕ್ಷರ ಬಾರದ ಚಿಕ್ಕವರಿಗೆ ನಾಲ್ಕು ದಿಕ್ಕಿಗೆ ತಿರುಗಿದ ‘ಇ’ ಚಾರ್ಟ್ ಸಾಕು. ಒಂದು ಕಣ್ಣನ್ನು ಅಂಗೈಯಿಂದ, ಒತ್ತದೆ ಮುಚ್ಚಿಸಿ. ಬೆರಳಲ್ಲಿ ಮುಚ್ಚಿದರೆ ಸಂದಿಯಲ್ಲಿ ಇಣುಕದ ಮಗುವಿಲ್ಲ. ಎರಡರಲ್ಲಿ ಯಾವ ಕಣ್ಣಿಗೇ ಆಗಲಿ 6/9ರ ಸಾಲು (ಸರಿಯಿರುವ ಕಣ್ಣು 9 ಮೀಟರ್ ದೂರದಿಂದ ಓದುವ ಸಾಲು) ಓದಲಾಗದಿದ್ದರೆ ಹೆಸರು ಪಟ್ಟಿಗೆ ಬರಲಿ. ಮೆಳ್ಳೆಗಣ್ಣು ಕಂಡವರನ್ನೂ, ಓದುವಾಗ ತಲೆನೋವು ಎನ್ನುವವರನ್ನೂ ಸೇರಿಸಿ. ಹೀಗೆ ಜರಡಿ ಹಿಡಿದರೆ ತಜ್ಞರ ಮುಂದೆ ಕೂರುವವರ ಸಾಲು ಗಿಡ್ಡವಾಗುತ್ತದೆ, ಒಬ್ಬೊಬ್ಬರಿಗೂ ಹತ್ತು ನಿಮಿಷ ಸಿಗುತ್ತದೆ.

ಎರಡನೆಯ ತೊಂದರೆ ಯಂತ್ರದ್ದು. ಪವರ್ ಅಳೆದು ಚೀಟಿ ಕೊಡುವ ಆಟೋರಿಫ್ರಾಕ್ಟೋಮೀಟರ್‌ನೊಳಗೆ ನೋಡುವಾಗ ಮಗುವಿನ ಕಣ್ಣು ಹತ್ತಿರದ ವಸ್ತು ನೋಡುವಂತೆ ಬಿಗಿಯಾಗುತ್ತದೆ. ಆಗ ಇಲ್ಲದ ಮೈನಸ್ ಪವರ್ ತೋರಿಸುತ್ತದೆ, ಇಲ್ಲವೇ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಆ ಚೀಟಿಯನ್ನೇ ನಂಬಿ ಮಾಡಿದ ಕನ್ನಡಕವನ್ನು ಮಗು ವಾರದೊಳಗೆ ಬ್ಯಾಗಿಗೆ ಹಾಕಿ ಮರೆಯುತ್ತದೆ. ದೂರು ಕ್ಲಬ್ಬಿನವರ ಮೇಲೆ. ಆ ಬಿಗಿತ ಸಡಿಲಿಸುವ ಡ್ರಾಪ್ಸ್ ಹಾಕಿ, ಔಷಧಿ ಹಿಡಿಯುವವರೆಗೆ ಕಾದು, ರೆಟಿನೋಸ್ಕೋಪಿ (ಕಣ್ಣಿಗೆ ಬೆಳಕು ಬಿಟ್ಟು ಪವರ್ ಅಳೆಯುವ ಪರೀಕ್ಷೆ) ಮಾಡಿ ಪವರ್ ನಿರ್ಧರಿಸುವುದೇ ಸರಿಯಾದ ಕ್ರಮ. ಡ್ರಾಪ್ಸ್ ಹಾಕಿದ ದಿನ ಹತ್ತಿರದ್ದು ಮಸುಕಾಗಿ ಬಿಸಿಲು ಕುಕ್ಕುತ್ತದೆ. ಹಾಗಾಗಿ ಪೋಷಕರ ಒಪ್ಪಿಗೆ ಚೀಟಿ ಮೊದಲೇ ಬೇಕು, ಮರುದಿನ ಶಾಲೆಯಲ್ಲಿ ಪರೀಕ್ಷೆ ಇರಬಾರದು. ಶಿಬಿರಕ್ಕೆ ಬರುವ ತಂಡವನ್ನು “ಮಕ್ಕಳಿಗೆ ಡ್ರಾಪ್ಸ್ ಹಾಕುತ್ತೀರಾ?” ಎಂದು ಕೇಳಿ. ಉತ್ತರ ತಡವರಿಸಿದರೆ ಅದು ದೊಡ್ಡವರ ಶಿಬಿರ ಎಂದು ತಿಳಿದುಕೊಳ್ಳಿ.

ಕ್ಲಬ್‌ಗಳು ಶಿಬಿರಕ್ಕೆ ಹೈಸ್ಕೂಲನ್ನೇ ಆರಿಸುತ್ತವೆ: ಮಕ್ಕಳು ಶಿಸ್ತಾಗಿ ಸಾಲಲ್ಲಿ ನಿಲ್ಲುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ‘ಸೋಮಾರಿ ಕಣ್ಣು’ (ಚಿಕ್ಕಂದಿನಲ್ಲಿ ಸರಿಯಾಗಿ ಬಳಕೆಯಾಗದೆ ಒಂದು ಕಣ್ಣಿನ ದೃಷ್ಟಿ ಬೆಳೆಯದಿರುವುದು) ಸುಲಭವಾಗಿ ಸರಿಯಾಗುವುದು ಏಳೆಂಟು ವರ್ಷದೊಳಗೆ. ಅಂಗನವಾಡಿ ಮತ್ತು ಒಂದನೇ ತರಗತಿಯನ್ನು ಸೇರಿಸಿಕೊಳ್ಳಿ ಎಂದು ಹಟ ಹಿಡಿಯುವುದು ಶಾಲೆಯವರ ಕೆಲಸ. ಕನ್ನಡಕ ಬಂದ ದಿನ ಫ್ರೇಮು ಮೂಗಿಗೂ ಕಿವಿಗೂ ಕೂರುತ್ತದೆಯೇ ಎಂದು ನೋಡಲು ಆಪ್ಟೋಮೆಟ್ರಿಸ್ಟ್ ಇರಲೇಬೇಕು. ಪ್ರತಿ ಚೀಟಿಯ ನಕಲು ಶಾಲೆಯ ಫೈಲಿನಲ್ಲಿರಲಿ. ಮೈನಸ್ ಪವರಿನ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ನೋಡಬೇಕು, ಅಷ್ಟರಲ್ಲಿ ಕ್ಲಬ್ಬಿನಲ್ಲಿ ಹೊಸ ಅಧ್ಯಕ್ಷರು ಬಂದಿರುತ್ತಾರೆ.

ಕುಡಿಯುವ ನೀರಿನ ಘಟಕದ್ದು ಇನ್ನೊಂದು ಕಥೆ. ಉದ್ಘಾಟನೆಯ ಫಲಕ ಹೊಳೆಯುತ್ತಿರುತ್ತದೆ, ನಲ್ಲಿಯಲ್ಲಿ ನೀರಿಲ್ಲ. ದೇಣಿಗೆಯಲ್ಲಿ ಯಂತ್ರ ಬರುತ್ತದೆ, ಅದರ ಹೊಟ್ಟೆಗೆ ಹಾಕುವ ಫಿಲ್ಟರಿಗೆ ಬಜೆಟ್ ಇರುವುದಿಲ್ಲ. ಕ್ಯಾಂಡಲ್, ಕಾರ್ಬನ್ ಫಿಲ್ಟರ್ ಆರು ತಿಂಗಳಿಂದ ವರ್ಷದೊಳಗೆ ಬದಲಾಗಬೇಕು. ಲವಣ ಸೋಸುವ ಮೆಂಬ್ರೇನ್ ಎರಡು ಮೂರು ವರ್ಷ ಬಂದರೆ ಪುಣ್ಯ. ಅದಕ್ಕಿಂತ ಮೊದಲು ನೀರಿನ ಪರೀಕ್ಷೆ ಆಗಲಿ. ಭಾರತೀಯ ಮಾನಕದಂತೆ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ ಫ್ಲೋರೈಡ್ 1.5ರವರೆಗೆ. ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಿಗೆ ರೋಗಾಣು ಕೊಲ್ಲುವ ಯುವಿ ದೀಪ ಹಾಕಿ ಪ್ರಯೋಜನವಿಲ್ಲ, ಅದು ಫ್ಲೋರೈಡನ್ನು ಮುಟ್ಟುವುದೇ ಇಲ್ಲ. ಅಲ್ಲಿ ಮೆಂಬ್ರೇನ್ ಇರುವ ಆರ್‌ಒ ಯಂತ್ರ ಬೇಕು. ಕರಾವಳಿಯ ಸಿಹಿನೀರಿನ ಬಾವಿಗೆ ಆರ್‌ಒ ಹಾಕುವುದು ನೀರನ್ನು ಚರಂಡಿಗೆ ಸುರಿದಂತೆ. ಅಲ್ಲಿ ಯುವಿ ಸಾಕು. ಎರಡು ವರ್ಷದ ನಿರ್ವಹಣಾ ಒಪ್ಪಂದವನ್ನು ದೇಣಿಗೆಯ ಮೊತ್ತದಲ್ಲೇ ಸೇರಿಸಿ ಎಂದು ಮನವಿಯಲ್ಲೇ ಬರೆಯಿರಿ.

ಡೆಸ್ಕುಗಳ ಬಗ್ಗೆ ದೂರು ಕಡಿಮೆ. ಎಲ್ಲ ತರಗತಿಗೂ ಒಂದೇ ಅಳತೆ ಮಾಡಿಸುವುದೊಂದೇ ತಪ್ಪು. ಒಂದರಿಂದ ಮೂರನೇ ತರಗತಿಗೆ ಆಸನದ ಎತ್ತರ ಸುಮಾರು 12 ಇಂಚು, ಹೈಸ್ಕೂಲಿಗೆ 16 ಇಂಚು; ಪಾದ ನೆಲಕ್ಕೆ ತಾಗಬೇಕು. ದಾನಿಗಳ ಹೆಸರು ಕರಿಹಲಗೆಯ ಅಕ್ಷರಕ್ಕಿಂತ ದಪ್ಪಗಿರುವುದನ್ನು ಸಹಿಸಿಕೊಳ್ಳಬಹುದು. ಸ್ಮಾರ್ಟ್ ಟಿವಿ ಬೇಕೇ ಎಂದು ಕೇಳಿದರೆ ಮಾತ್ರ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಅದನ್ನು ಬಳಸಿ ಪಾಠ ಮಾಡುವ ಮೇಷ್ಟ್ರು ಯಾರು ಎಂಬುದು ತೀರ್ಮಾನವಾದ ಮೇಲೆ ಹ್ಞೂಂ ಎನ್ನಿ.

ಕೇಳುವ ಹೊತ್ತು ಮುಖ್ಯ. ಶಾಲೆ ಶುರುವಾಗುವುದು ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ, ಹೊಸ ಅಧ್ಯಕ್ಷರ ಪದಗ್ರಹಣ ಜುಲೈಯಲ್ಲಿ. ಅದಕ್ಕೇ ನೋಟ್‌ಬುಕ್ಕುಗಳು ಆಗಸ್ಟ್ 15ರ ಧ್ವಜಾರೋಹಣಕ್ಕೆ ಬಂದು ತಲುಪುವುದು. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಈಗಿನ ಅಧ್ಯಕ್ಷರನ್ನಲ್ಲ, ಮುಂದಿನ ವರ್ಷಕ್ಕೆ ಆಯ್ಕೆಯಾದವರನ್ನು ನೋಡಿ. ಅವರು ಆಗ ಯೋಜನೆಗಳ ಹುಡುಕಾಟದಲ್ಲಿರುತ್ತಾರೆ. ಹಲವು ಕ್ಲಬ್‌ಗಳ ಮೇಲ್ವಿಚಾರಕರಾದ ಜಿಲ್ಲಾ ಗವರ್ನರ್ ಅಧಿಕೃತ ಭೇಟಿಯ ದಿನ ಉದ್ಘಾಟಿಸಲು ಕ್ಲಬ್ಬಿಗೆ ಏನಾದರೂ ಬೇಕೇ ಬೇಕು. ಆ ತಾರೀಖು ತಿಳಿದುಕೊಂಡು ಎರಡು ತಿಂಗಳು ಮೊದಲೇ ಸಿದ್ಧ ಕೊಟೇಶನ್ ಇಟ್ಟರೆ ಕೆಲಸ ಆಗದೇ ಇರುವುದು ಅಪರೂಪ.

ಮನವಿ ಒಂದೇ ಪುಟ. ಶಾಲೆಯ ಯು-ಡೈಸ್ ಸಂಖ್ಯೆ (ಸರಕಾರ ಪ್ರತಿ ಶಾಲೆಗೆ ಕೊಟ್ಟ ಗುರುತಿನ ಸಂಖ್ಯೆ), ತರಗತಿವಾರು ಮಕ್ಕಳ ಲೆಕ್ಕ, ಬೇಕಾದದ್ದರ ಅಳತೆ ಮತ್ತು ಸಂಖ್ಯೆ, ಎರಡು ಅಂಗಡಿಯ ಕೊಟೇಶನ್, ಈಗಿನ ಸ್ಥಿತಿಯ ಫೋಟೋ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಿರ್ಣಯದ ನಕಲು. ಸರಕಾರದಿಂದ ಬರುವ ಪಠ್ಯಪುಸ್ತಕ, ಸಮವಸ್ತ್ರ, ಶೂಗಳನ್ನು ಕೇಳಬೇಡಿ. ದೊಡ್ಡ ಕಾಮಗಾರಿಗೆ ‘ಗ್ಲೋಬಲ್ ಗ್ರಾಂಟ್’ ತರುತ್ತೇವೆ ಎಂದರೆ ತಾಳ್ಮೆಯಿರಲಿ: ರೋಟರಿಯ ಈ ಅನುದಾನಕ್ಕೆ ಯೋಜನೆ ಕನಿಷ್ಠ 30,000 ಡಾಲರಿನದಾಗಿರಬೇಕು, ಹೊರದೇಶದ ಪಾಲುದಾರರು ಬೇಕು, ಮಂಜೂರಾಗುವ ಮೊದಲೇ ಮಾಡಿದ ಖರ್ಚು ಸಿಗುವುದಿಲ್ಲ. ಗೋಡೆ ಎಬ್ಬಿಸಿ ಆಮೇಲೆ ಬಿಲ್ ಹಿಡಿದುಕೊಂಡು ಹೋದರೆ ಬರಿಗೈ.

ಲಸಿಕೆಯ ವಿಷಯದಲ್ಲಿ ಮಾತ್ರ ‘ವರ್ಷಕ್ಕೊಬ್ಬ ಅಧ್ಯಕ್ಷ’ ಎಂಬ ಟೀಕೆ ನಿಲ್ಲುವುದಿಲ್ಲ. ರೋಟರಿ 1985ರಲ್ಲಿ ಕೈಗೆತ್ತಿಕೊಂಡ ಪೋಲಿಯೊ ಕೆಲಸ ದಶಕಗಟ್ಟಲೆ ನಡೆಯಿತು. ಭಾರತದ ಕೊನೆಯ ಪ್ರಕರಣ 2011ರ ಜನವರಿಯದು, 2014ರಲ್ಲಿ ಪೋಲಿಯೊಮುಕ್ತ ಪ್ರಮಾಣಪತ್ರ ಬಂತು. ಅಲ್ಲಿ ಗುರಿ ಒಂದೇ ಇತ್ತು, ಅಧ್ಯಕ್ಷರು ಬದಲಾದರೂ ಅದು ಬದಲಾಗಲಿಲ್ಲ.

ಮಗುವಿಗೆ ಹೃದಯದ ತೂತು, ಸೀಳುತುಟಿ ಎಂದಾಗ ಮನೆಯವರು ಮೊದಲು ಕ್ಲಬ್ಬಿಗೆ ಓಡುತ್ತಾರೆ. ಓಡಬೇಕಾದದ್ದು ತಾಲ್ಲೂಕು ಆಸ್ಪತ್ರೆಯ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದ ಹತ್ತಿರ; ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆಯೂ ಮುಂದಿನ ಚಿಕಿತ್ಸೆಗೆ ಕಳಿಸುವುದೂ ಅವರ ಕೆಲಸ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಕ್ಲಬ್ಬನ್ನು ಕೇಳಬೇಕಾದದ್ದು ಯೋಜನೆಯಲ್ಲಿ ಬಾರದ ಖರ್ಚು: ಬಸ್ಸು ಅಥವಾ ಕಾರಿನ ವ್ಯವಸ್ಥೆ, ಜೊತೆಗಿರುವವರ ಊಟ ವಸತಿ, ರಕ್ತದಾನಿಗಳು, ಆಸ್ಪತ್ರೆಯಲ್ಲಿ ಪರಿಚಯದ ಒಬ್ಬ ಡಾಕ್ಟರ ಫೋನ್. ಹಣಕ್ಕಿಂತ ಆ ಫೋನೇ ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತದೆ.

ಕ್ಲಬ್ಬಿನ ಹೆಸರಲ್ಲಿ ಯಾರಾದರೂ ನೋಂದಣಿ ಶುಲ್ಕ, ಫಾರಂ ಶುಲ್ಕ ಎಂದು ಫಲಾನುಭವಿಗಳಿಂದ ದುಡ್ಡು ಕೇಳಿದರೆ ಕೊಡಬೇಡಿ. ಕಾರ್ಯದರ್ಶಿಗೆ ನೇರವಾಗಿ ಫೋನ್ ಮಾಡಿ. ಮಗುವಿನ ಕಾಯಿಲೆಯ ಫೋಟೋ ಪತ್ರಿಕೆಗೆ, ವಾಟ್ಸಾಪಿಗೆ ಬೇಡ ಎಂದು ಹೇಳುವ ಹಕ್ಕು ತಂದೆತಾಯಿಗಿದೆ. ಚೆಕ್ ತೆಗೆದುಕೊಳ್ಳುವ ಮೊದಲೇ ಅದನ್ನು ಬರೆದುಕೊಟ್ಟುಬಿಡಿ.