ಪಿಗ್ಮಿ ಆಪ್ ಕ್ರ್ಯಾಶ್ ಆದಾಗ: ಕ್ರ್ಯಾಶ್ಲಿಟಿಕ್ಸ್, ಸೆಂಟ್ರಿ, ವೈಟಲ್ಸ್ ಏನೇನು ಹೇಳುತ್ತವೆ?

ನಾನು ನೋಡಿಕೊಳ್ಳುವ ಆಪ್‌ಗಳಲ್ಲಿ ಒಂದು ಪಿಗ್ಮಿ ವಸೂಲಿಯದು. ಸಹಕಾರಿ ಸಂಘದ ಏಜೆಂಟರು ಅಂಗಡಿಯಿಂದ ಅಂಗಡಿಗೆ ಹೋಗಿ ದಿನದ ದುಡ್ಡು ತಗೊಂಡು, ಮೊಬೈಲಿನಲ್ಲೇ ಎಂಟ್ರಿ ಮಾಡಿ, ಬ್ಲೂಟೂತ್ ಪ್ರಿಂಟರಿನಿಂದ ರಸೀದಿ ಹರಿದು ಕೊಡುತ್ತಾರೆ. ಫೋನುಗಳು ಹೆಚ್ಚಾಗಿ ಕಡಿಮೆ ಬೆಲೆಯವು. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಪ್ ಕ್ರ್ಯಾಶ್ ಆದರೆ ನಮಗೆ ಫೋನ್ ಬರುತ್ತದೆ: "ಆಪ್ ಕ್ಲೋಸ್ ಆಗ್ತಿದೆ." ಅವರಿಗೆ ಗೊತ್ತಿರುವುದು ಅಷ್ಟೇ. ಉಳಿದದ್ದನ್ನು ಟೂಲ್ ಹೇಳಬೇಕು.

ಈ ಆಪ್‌ನಲ್ಲಿ ಕ್ರ್ಯಾಶ್ ಆದಾಗ ನಮಗೆ ವರದಿ ಕಳಿಸುವ ಎರಡು ಟೂಲ್‌ಗಳನ್ನು, ಗೂಗಲ್‌ನ ಫೈರ್‌ಬೇಸ್ ಕ್ರ್ಯಾಶ್ಲಿಟಿಕ್ಸ್ ಮತ್ತು ಸೆಂಟ್ರಿಯನ್ನು, ಒಟ್ಟಿಗೆ ಹಾಕಿ ನೋಡಿದೆ. ಪ್ಲೇ ಸ್ಟೋರ್ ಆಪ್ ಮಾಡುವವರಿಗೆ ಕೊಡುವ ಪ್ಲೇ ಕನ್ಸೋಲಿನಲ್ಲಿ, ಕ್ರ್ಯಾಶ್ ಲೆಕ್ಕ ತೋರಿಸುವ ಆಂಡ್ರಾಯ್ಡ್ ವೈಟಲ್ಸ್ ಹೇಗೂ ಇತ್ತು. ಹಾಗಾಗಿ ಒಂದೇ ಕ್ರ್ಯಾಶ್ ಬೇರೆ ಬೇರೆ ಕಡೆ ಹೇಗೆ ಕಾಣುತ್ತದೆ ಅಂತ ನೋಡಲು ಅನುಕೂಲ ಆಯಿತು.

ಹೋಲಿಕೆಗೆ ಒಂದು ಕ್ರ್ಯಾಶ್ ಸಾಕು. ಬೆಳಗಾವಿ ಕಡೆಯ ಕೆಲವು ಏಜೆಂಟರ ಫೋನಿನಲ್ಲಿ ಮಾತ್ರ, ದಿನದ ಪಟ್ಟಿ ತೆರೆದ ಕೂಡಲೇ ಆಪ್ ಬೀಳುತ್ತಿತ್ತು. ಕ್ರ್ಯಾಶ್ಲಿಟಿಕ್ಸ್ ತೆರೆದರೆ ಡೇಟ್‌ಟೈಮ್‌ಪಾರ್ಸ್‌ಎಕ್ಸೆಪ್ಷನ್, ಅಂದರೆ ತಾರೀಖು ಓದಲಾಗಲಿಲ್ಲ ಎಂಬ ಎರರ್. ಜೊತೆಗಿದ್ದ ಸಂದೇಶದಲ್ಲಿ ಓದಲಾಗದ ಆ ತಾರೀಖು ಇತ್ತು, ಅದರ ಅಂಕಿಗಳೆಲ್ಲ ದೇವನಾಗರಿಯಲ್ಲಿದ್ದವು. ಆ ಫೋನುಗಳ ಭಾಷೆ ಮರಾಠಿ. ತಾರೀಖನ್ನು ಬರೆಯುವ ಸಿಂಪಲ್‌ಡೇಟ್‌ಫಾರ್ಮ್ಯಾಟ್‌ಗೆ ಫೋನಿನ ಭಾಷೆಯನ್ನೇ ಕೊಟ್ಟರೆ, ಮರಾಠಿಯಲ್ಲಿ ಆಂಡ್ರಾಯ್ಡ್ ದೇವನಾಗರಿ ಅಂಕಿ ಬರೆಯುತ್ತದೆ. ಕನ್ನಡ ಇಟ್ಟರೆ ಮಾತ್ರ ಸುಮ್ನೆ 1, 2, 3 ಅಂತಲೇ ಬರೆಯುತ್ತದೆ. ಅದಕ್ಕೇ ಮೈಸೂರು, ಹಾಸನದ ಕಡೆ ಈ ತೊಂದರೆ ಯಾರಿಗೂ ಕಂಡಿರಲಿಲ್ಲ. ಡೇಟಾಬೇಸಿನಿಂದ ತಾರೀಖು ವಾಪಸ್ ಓದುವ ಲೋಕಲ್‌ಡೇಟ್ ಆ ಅಂಕಿಗಳನ್ನು ಒಪ್ಪುವುದಿಲ್ಲ, ಅಲ್ಲೇ ಬೀಳುತ್ತದೆ. ಬರೆಯುವ ಜಾಗದಲ್ಲಿ ಫೋನಿನ ಭಾಷೆಯ (ಲೊಕೇಲ್) ಬದಲು, ಯಾವ ಭಾಷೆಗೂ ಸೇರದ ಲೊಕೇಲ್ ರೂಟ್ ಅಂತ ಕೊಟ್ಟರೆ ಮುಗೀತು.

ಆದರೆ ಮುಗಿಯಲಿಲ್ಲ. ಹೊಸ ಆವೃತ್ತಿ ಹೋದ ಮೇಲೂ ಅದೇ ಕ್ರ್ಯಾಶ್ ಮತ್ತೆ ಬಂತು. ಸರಿಯಾಯಿತು ಅಂತ ಕ್ಲೋಸ್ ಮಾಡಿದ್ದ ಇಶ್ಯೂವನ್ನು (ಆ ಕ್ರ್ಯಾಶ್‌ನ ದಾಖಲೆಯನ್ನು) ಎರಡೂ ಟೂಲ್‌ಗಳು ತಾವಾಗಿಯೇ ಮತ್ತೆ ತೆರೆದವು. ಇದು ಎರಡರಲ್ಲೂ ಒಳ್ಳೆಯ ಗುಣ. ವ್ಯತ್ಯಾಸ ಗೊತ್ತಾಗಿದ್ದು ಇಲ್ಲಿಂದ ಮುಂದೆ. ಕ್ರ್ಯಾಶ್ಲಿಟಿಕ್ಸ್ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಉಳಿದಿರುವ ರ‍್ಯಾಮ್, ಸ್ಟೋರೇಜ್ ತೋರಿಸಿತು. ಫೋನಿನ ಭಾಷೆ ಬೇಕಿದ್ದರೆ ನಾವೇ ಕಸ್ಟಮ್ ಕೀ ಆಗಿ ಸೇರಿಸಬೇಕು. 64 ಕೀಗಳ ತನಕ ಅವಕಾಶ ಇದೆ, ಆದರೆ ಏನು ಬೇಕಾಗುತ್ತದೆ ಅಂತ ಮೊದಲೇ ಹೊಳೆದಿರಬೇಕು ಅಲ್ವಾ? ಸೆಂಟ್ರಿಯಲ್ಲಿ ಡಿವೈಸ್ ವಿವರದಲ್ಲೇ ಲೊಕೇಲ್ ಇತ್ತು, ಮತ್ತು ಅದು ಕನ್ನಡ ಅಂತ ಹೇಳುತ್ತಿತ್ತು! ಕೆಳಗಿನ ಬ್ರೆಡ್‌ಕ್ರಂಬ್‌ಗಳಲ್ಲಿ ಕ್ರ್ಯಾಶ್‌ಗೆ ಮುಂಚೆ ನಡೆದದ್ದೆಲ್ಲ ಸಾಲಾಗಿ ಇತ್ತು: ಆಪ್ ತೆರೆದಿದೆ, ನೆಟ್‌ವರ್ಕ್ ಹೋಗಿದೆ, ಪಟ್ಟಿಯ ಬಟನ್ ಒತ್ತಿದ್ದಾರೆ, ಬಿದ್ದಿದೆ. ನಡುವೆ ಹೊಸ ಎಂಟ್ರಿ ಒಂದೂ ಇಲ್ಲ. ಅಂದರೆ ತಪ್ಪು ತಾರೀಖು ಈಗ ಬರೆದದ್ದಲ್ಲ, ಡೇಟಾಬೇಸಿನಲ್ಲಿ ಮೊದಲೇ ಕೂತಿದೆ. ಏಜೆಂಟರು ಯಾರದೋ ಮಾತು ಕೇಳಿ ಫೋನಿನ ಭಾಷೆ ಬದಲಾಯಿಸಿದ್ದರು, ಹಳೇ ಸಾಲುಗಳು ಹಾಗೇ ಉಳಿದಿದ್ದವು. ಹಳೇ ತಾರೀಖುಗಳನ್ನು ತಿದ್ದುವ ಮೈಗ್ರೇಷನ್ ಹಾಕಿದ ಮೇಲೆ ನಿಂತಿತು.

ಬ್ರೆಡ್‌ಕ್ರಂಬ್ ಕ್ರ್ಯಾಶ್ಲಿಟಿಕ್ಸ್‌ನಲ್ಲೂ ಇದೆ. ಆದರೆ ಅದಕ್ಕೆ, ಬಳಸುವವರು ಏನೇನು ಮಾಡುತ್ತಾರೆ ಅಂತ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಆನ್ ಆಗಿರಬೇಕು. ದುಡ್ಡಿನ ವ್ಯವಹಾರದ ಆಪ್‌ಗೆ ಅನಲಿಟಿಕ್ಸ್ ಹಾಕಲು ನನಗೆ ಮನಸ್ಸಿಲ್ಲ.

ಇನ್ನು ಖರ್ಚು. ಕ್ರ್ಯಾಶ್ಲಿಟಿಕ್ಸ್ ಪೂರ್ತಿ ಉಚಿತ, ಎಷ್ಟು ಕ್ರ್ಯಾಶ್ ಬಂದರೂ ಲೆಕ್ಕ ಕೇಳುವುದಿಲ್ಲ. ಒಬ್ಬರೇ ಆಪ್ ಮಾಡುತ್ತಿದ್ದರೆ, ಬಳಸುವವರು ಲಕ್ಷಗಟ್ಟಲೆ ಇದ್ದರೆ, ಬೇರೆ ಯೋಚನೆ ಮಾಡದೆ ಇದನ್ನೇ ಹಾಕಿ. ಸೆಂಟ್ರಿಯ ಉಚಿತ ಪ್ಲಾನ್ ಒಬ್ಬ ಬಳಕೆದಾರರಿಗೆ, ತಿಂಗಳಿಗೆ 5,000 ಎರರ್. ಪ್ರಿಂಟರ್ ಸಿಗಲಿಲ್ಲ ಎಂಬ ಸಣ್ಣ ಎರರ್ ಅನ್ನು ಲೂಪಿನೊಳಗಿಂದ ಕಳಿಸಿದರೆ ಅದು ಒಂದೇ ದಿನಕ್ಕೆ ಖಾಲಿ. ಹೀಗಾಗಿ ಏನನ್ನು ಕಳಿಸಬೇಕು, ಏನನ್ನು ಬಿಡಬೇಕು ಅಂತ ಮೊದಲ ದಿನದಿಂದಲೇ ಫಿಲ್ಟರ್ ಹಾಕಬೇಕು. ಫಿಲ್ಟರ್ ಬರೆಯುವಾಗ ಗಿರಾಕಿಯ ಹೆಸರು, ಖಾತೆ ನಂಬರ್, ಫೋನ್ ನಂಬರ್ ಎಲ್ಲವನ್ನೂ ತೆಗೆದುಬಿಡಿ. ಸೆಂಟ್ರಿ ಕ್ಲೌಡ್ ಡೇಟಾವನ್ನು ಅಮೆರಿಕದಲ್ಲಿ ಇಲ್ಲವೇ ಜರ್ಮನಿಯಲ್ಲಿ ಇಡುತ್ತದೆ. ಪಿಗ್ಮಿ ಕಟ್ಟುವ ಹೂವಿನ ಅಂಗಡಿಯವರ ವಿವರ ಫ್ರಾಂಕ್‌ಫರ್ಟಿಗೆ ಹೋಗಬೇಕಾದ ಅಗತ್ಯ ಏನೂ ಇಲ್ಲ.

ನಮ್ಮದೇ ಸರ್ವರಿನಲ್ಲಿ ಸೆಂಟ್ರಿ ಹಾಕಬಹುದು, ಕೋಡ್ ಸಿಗುತ್ತದೆ. ಆದರೆ ಅದು ಕಾಫ್ಕಾ, ಕ್ಲಿಕ್‌ಹೌಸ್, ಪೋಸ್ಟ್‌ಗ್ರೆಸ್ ಅಂತ ದೊಡ್ಡ ಸಂಸಾರವನ್ನೇ ಕರಕೊಂಡು ಬರುತ್ತದೆ. ಕನಿಷ್ಠ 4 ಕೋರ್, 16 ಜಿಬಿ ರ‍್ಯಾಮ್ ಕೇಳುತ್ತದೆ. ಸಣ್ಣ ತಂಡಕ್ಕೆ ಇದು ಜಾಸ್ತಿಯೇ. ಅದರ ಬದಲು ಗ್ಲಿಚ್‌ಟಿಪ್ ನೋಡಿ. ಆಪ್‌ನಲ್ಲಿ ಅದೇ ಸೆಂಟ್ರಿ ಎಸ್‌ಡಿಕೆ (ಆಪ್‌ನೊಳಗೆ ಸೇರಿಸುವ ಟೂಲಿನ ಕೋಡ್) ಇರುತ್ತದೆ, ವರದಿ ಹೋಗುವ ವಿಳಾಸ ಮಾತ್ರ ಬದಲಾಗುತ್ತದೆ. ಸೆಂಟ್ರಿಯ ಎಲ್ಲ ಸೌಲಭ್ಯ ಇಲ್ಲ, ಆದರೆ ಸಣ್ಣ ಸರ್ವರಿನಲ್ಲಿ ಆರಾಮಾಗಿ ಓಡುತ್ತದೆ.

ವೈಟಲ್ಸ್ ಅನ್ನು ಇವೆರಡರ ಪ್ರತಿಸ್ಪರ್ಧಿ ಅಂತ ನೋಡುವುದೇ ಸರಿಯಲ್ಲ. ಯಾವ ಎಸ್‌ಡಿಕೆ ಇಲ್ಲದೆ ಕೆಲಸ ಮಾಡುತ್ತದೆ, ಆದರೆ ಡಯಾಗ್ನಾಸ್ಟಿಕ್ಸ್ ಹಂಚಿಕೊಳ್ಳಲು ಒಪ್ಪಿದ ಫೋನುಗಳ ಡೇಟಾ ಮಾತ್ರ ಬರುತ್ತದೆ. ಆದರೂ ಪ್ಲೇ ಸ್ಟೋರ್ ನಮ್ಮನ್ನು ಅಳೆಯುವುದು ಅದರಿಂದಲೇ. ದಿನದಲ್ಲಿ 1.09% ಗಿಂತ ಹೆಚ್ಚು ಬಳಕೆದಾರರಿಗೆ ಕ್ರ್ಯಾಶ್, ಅಥವಾ 0.47% ಗಿಂತ ಹೆಚ್ಚು ಜನಕ್ಕೆ ಆಪ್ ಹ್ಯಾಂಗ್ ಆದರೆ ಸ್ಟೋರಿನಲ್ಲಿ ಆಪ್ ಕಾಣುವುದೇ ಕಡಿಮೆಯಾಗಬಹುದು. ಹ್ಯಾಂಗ್ ಹಿಡಿಯುವುದರಲ್ಲಿ ಇದು ಗಟ್ಟಿಗ. ಪ್ರಿಂಟರಿಗೆ ಬ್ಲೂಟೂತ್ ಜೋಡಿಸುವ ಕೆಲಸ ಪರದೆಯನ್ನು ನಡೆಸುವ ಮೇನ್ ಥ್ರೆಡ್‌ನಲ್ಲೇ ನಡೆದರೆ, ಏಜೆಂಟ್ ಒತ್ತಿದ್ದಕ್ಕೆ 5 ಸೆಕೆಂಡ್ ಉತ್ತರ ಇಲ್ಲದಿದ್ದರೆ, ಆಂಡ್ರಾಯ್ಡ್ ಅದನ್ನು ಎಎನ್‌ಆರ್ (ಆಪ್ ಉತ್ತರ ಕೊಡುತ್ತಿಲ್ಲ) ಅಂತ ಬರೆದುಕೊಳ್ಳುತ್ತದೆ. ಕ್ರ್ಯಾಶ್ಲಿಟಿಕ್ಸ್ ಎಎನ್‌ಆರ್ ತೋರಿಸುವುದು ಆಂಡ್ರಾಯ್ಡ್ 11 ಮತ್ತು ನಂತರದ ಫೋನುಗಳಲ್ಲಿ ಮಾತ್ರ. ಹಳೇ ಫೋನುಗಳು ಜಾಸ್ತಿ ಇರುವ ಕಡೆ ವೈಟಲ್ಸ್ ಬೇಕೇ ಬೇಕು.

ಯಾವುದನ್ನು ಆರಿಸಿದರೂ, ಅದರ ಕರೆಗಳನ್ನು ಕೋಡಿನ ತುಂಬ ಚೆಲ್ಲಬೇಡಿ, ಒಂದೇ ಫೈಲಿನಲ್ಲಿ ಇಡಿ. ಟೂಲ್ ಯಾವಾಗ ಬದಲಾಯಿಸಬೇಕಾಗುತ್ತದೋ ಹೇಳಲಾಗದು: ಕ್ರ್ಯಾಶ್ಲಿಟಿಕ್ಸ್ 2013ರಲ್ಲಿ ಟ್ವಿಟರ್ ಪಾಲಾಯಿತು, 2017ರಲ್ಲಿ ಗೂಗಲ್ ಕೈಗೆ ಬಂತು. ಕ್ರ್ಯಾಶ್ ವರದಿಯನ್ನೂ ಕೊಡುತ್ತಿದ್ದ ಮೈಕ್ರೋಸಾಫ್ಟ್‌ನ ಆಪ್ ಸೆಂಟರ್‌ನ ಬಹುಪಾಲು ಸೌಲಭ್ಯಗಳು 2025ರ ಮಾರ್ಚ್ 31ಕ್ಕೆ ನಿವೃತ್ತವಾದವು.

ಬಗ್ ಟ್ರ್ಯಾಕಿಂಗ್ ಬೇರೆಯದೇ ಕೆಲಸ. ರಸೀದಿಯಲ್ಲಿ ಒಟ್ಟು ಮೊತ್ತ ತಪ್ಪಾಗಿ ಬಂದರೆ ಯಾವ ಕ್ರ್ಯಾಶ್ ಟೂಲಿಗೂ ಗೊತ್ತಾಗುವುದಿಲ್ಲ, ಅದು ಏಜೆಂಟರ ವಾಟ್ಸ್ಆಪ್ ವಾಯ್ಸ್ ಮೆಸೇಜಿನಲ್ಲೇ ಬರುತ್ತದೆ. ಇಂಥ ಬಗ್‌ಗಳನ್ನು ಬರೆದಿಡುವ ಟೂಲ್‌ಗಳಲ್ಲಿ ಜಿರಾ 10 ಜನರ ತನಕ ಉಚಿತ, ಆದರೆ ನಮ್ಮಂಥ ತಂಡಕ್ಕೆ ಅದರಲ್ಲಿ ಭರ್ತಿ ಮಾಡುವ ಜಾಗಗಳೇ ಹೆಚ್ಚು. ಗಿಟ್‌ಹಬ್ ಇಶ್ಯೂಸ್ ಸಾಕಾಯಿತು. ಸೆಂಟ್ರಿಯಿಂದ ನೇರವಾಗಿ ಅಲ್ಲಿಗೆ ಇಶ್ಯೂ ತೆರೆಯಬಹುದು. ನಾವು ಎಲ್ಲ ಕ್ರ್ಯಾಶ್‌ಗೂ ಇಶ್ಯೂ ತೆರೆಯುವುದಿಲ್ಲ, ಯಾರಾದರೂ ಕೂತು ಸರಿಮಾಡಲು ಒಪ್ಪಿಕೊಂಡದ್ದಕ್ಕೆ ಮಾತ್ರ. ವಾಯ್ಸ್ ಮೆಸೇಜ್ ಬಂದರೆ, ಅದನ್ನು ಕೇಳಿದವರೇ ಅದೇ ದಿನ ಏಜೆಂಟರ ಮಾತಿನಲ್ಲೇ ಬರೆದು, ಫೋನಿನ ಮಾಡೆಲ್, ಆಪ್ ಆವೃತ್ತಿ, ಫೋನಿನ ಭಾಷೆ ಸೇರಿಸಿ ಇಶ್ಯೂ ಹಾಕುತ್ತಾರೆ.