ಹಳೇ ಲಾರಿಗೆ ಬಯೋಡೀಸೆಲ್ ಮಿಕ್ಸಾ, ಇಲ್ಲಾ ಬಿಎಸ್-6 ಗಾಡಿನೇ ಬೇಕಾ?

ನಮ್ಮದು ಎರಡು ಲಾರಿ. ಒಂದು ಹಳೇ ಬಿಎಸ್-3, ಇನ್ನೊಂದು ಬಿಎಸ್-6 (ಬಿಎಸ್ ಅಂದರೆ ಗಾಡಿ ಹೊಗೆಗೆ ಸರ್ಕಾರ ಇಟ್ಟ ಮಿತಿ, ನಂಬರ್ ದೊಡ್ಡದಾದಷ್ಟೂ ಬಿಗಿ). ಎರಡೂ ಓಡುವುದು ಹಾಸನ-ಮಂಗಳೂರು ರೂಟಿನಲ್ಲಿ. ಹಳೆಯದಕ್ಕೆ ಬರೀ ಬಂಕ್ ಡೀಸೆಲ್ ಹಾಕಿಯೂ ಓಡಿಸಿದ್ದೇನೆ, ನೂರಕ್ಕೆ 20 ಬಯೋಡೀಸೆಲ್ (ಅಡುಗೆ ಎಣ್ಣೆಯಂಥದ್ದರಿಂದ ಮಾಡುವ ಇಂಧನ) ಬೆರೆಸಿಯೂ ಓಡಿಸಿದ್ದೇನೆ.

ಕಪ್ಪು ಹೊಗೆಯ ವಿಷಯಕ್ಕೆ ಬಂದರೆ ಮಿಕ್ಸೇ ವಾಸಿ. ಬರೀ ಡೀಸೆಲ್ ಇದ್ದಾಗ ಗುಂಡ್ಯ ದಾಟಿ ಶಿರಾಡಿ ಏರು ಶುರುವಾಗಿ, ಫುಲ್ ಲೋಡಿನಲ್ಲಿ ಗೇರ್ ಇಳಿಸಿ ಆಕ್ಸಿಲರೇಟರ್ ತುಳಿದರೆ, ಹಿಂದೆ ಬರುವ ಬೈಕಿನವನು ಕನ್ನಡಿಯಲ್ಲಿ ಕಾಣುತ್ತಲೇ ಇರಲಿಲ್ಲ. ಮಿಕ್ಸ್ ಹಾಕಿದ ಮೇಲೆ ಹೊಗೆ ತೆಳುವಾಯಿತು. ಡೀಸೆಲ್ ಘಾಟು ಕಮ್ಮಿಯಾಗಿ ಬೋಂಡಾ ಕರಿದ ವಾಸನೆ ಬರುತ್ತದೆ (ನಾವು ತರುವುದು ಕರಿದ ಎಣ್ಣೆಯಿಂದ ಮಾಡಿದ್ದು). ಬಯೋಡೀಸೆಲ್‌ನ ತೂಕದಲ್ಲಿ ನೂರಕ್ಕೆ ಸುಮಾರು 11 ಪಾಲು ಆಮ್ಲಜನಕವೇ ಇರುತ್ತದೆ, ಹಾಗಾಗಿ ಚೆನ್ನಾಗಿ ಉರಿದು ಮಸಿ ಕಮ್ಮಿಯಾಗುತ್ತದೆ. ಆದರೆ ಕಾಣದ ವಿಷವೂ ಇದೆಯಲ್ವಾ? ಅಮೆರಿಕದ ಪರಿಸರ ಇಲಾಖೆ ಇಪಿಎ 2002ರಲ್ಲಿ ಹೆವಿ ಎಂಜಿನ್‌ಗಳ ಲೆಕ್ಕ ತೆಗೆದಾಗ, ಸೋಯಾ ಎಣ್ಣೆಯ ಇದೇ 20ರ ಮಿಕ್ಸ್‌ನಲ್ಲಿ ಮಸಿಕಣ ನೂರಕ್ಕೆ ಸುಮಾರು 10 ಇಳಿದಿತ್ತು, ಕಣ್ಣಿಗೆ ಕಾಣದ ವಿಷಗಾಳಿ ನೈಟ್ರೋಜನ್ ಆಕ್ಸೈಡ್ ನೂರಕ್ಕೆ 2ರಷ್ಟು ಏರಿತ್ತು.

ತಾಪತ್ರಯವೂ ಉಂಟು. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನೆಲ್ಲ ಬಯೋಡೀಸೆಲ್ ಎಬ್ಬಿಸಿಕೊಂಡು ಬರುತ್ತದೆ. ಶುರುವಿನಲ್ಲಿ ಡೀಸೆಲ್ ಫಿಲ್ಟರ್ ಪದೇ ಪದೇ ಕಟ್ಟಿಕೊಂಡಿತು. ಹಳೇ ರಬ್ಬರ್ ಪೈಪುಗಳು ಮೆತ್ತಗಾಗಿ ಜಿನುಗಿದವು. ಮೈಲೇಜ್ ಸ್ವಲ್ಪ ಕಮ್ಮಿ. ಇನ್ನು ರಸ್ತೆ ಬದಿಯಲ್ಲಿ ಬಯೋಡೀಸೆಲ್ ಅಂತ ಅಗ್ಗಕ್ಕೆ ಮಾರುವ ಮಾಲು ಎಷ್ಟೋ ಸಲ ಬಯೋಡೀಸೆಲ್ಲೇ ಆಗಿರುವುದಿಲ್ಲ, ಯಾವುದೋ ಇಂಡಸ್ಟ್ರಿಯಲ್ ಎಣ್ಣೆ.

ಬಿಎಸ್-6 ಕಥೆಯೇ ಬೇರೆ. 2020ರ ಏಪ್ರಿಲ್‌ನಿಂದ ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷಕ್ಕೆ 50 ಪಾಲು) 10ಕ್ಕೆ ಇಳಿಯಿತು. ಹೊಗೆ ಪೈಪಿನಲ್ಲಿರುವ ಡಿಪಿಎಫ್ ಎಂಬ ಫಿಲ್ಟರ್ ಮಸಿಯನ್ನು ಹಿಡಿಯುತ್ತದೆ, ಹೊಗೆಗೆ ಚಿಮ್ಮಿಸುವ ಯೂರಿಯಾ ನೀರು ನೈಟ್ರೋಜನ್ ಆಕ್ಸೈಡನ್ನು ಇಳಿಸುತ್ತದೆ. ಸೈಲೆನ್ಸರ್ ಒಳಗೆ ಬೆರಳಾಡಿಸಿದರೂ ಕಪ್ಪು ಹತ್ತುವುದಿಲ್ಲ. ಹೊಗೆ ಒಂದನ್ನೇ ನೋಡಿದರೆ ಮಿಕ್ಸ್ ಇದರ ಹತ್ತಿರಕ್ಕೂ ಬರುವುದಿಲ್ಲ. ಖರ್ಚು ಮಾತ್ರ ಜಾಸ್ತಿ. ಯೂರಿಯಾ ತುಂಬಿಸುತ್ತಿರಬೇಕು, ಸೆನ್ಸರ್ ಕೈಕೊಟ್ಟರೆ ಗಾಡಿ ಪಿಕಪ್ಪೇ ಕೊಡುವುದಿಲ್ಲ. ಆ ರಗಳೆಗೆ ಬೇಸತ್ತು ಡಿಪಿಎಫ್ ಕಿತ್ತುಹಾಕಿಸುವವರಿದ್ದಾರೆ. ಹಾಗೆ ಮಾಡುವುದಾದರೆ ಸುಮ್ನೆ ಅಷ್ಟು ದುಡ್ಡು ಸುರಿದು ಹೊಸ ಗಾಡಿ ಯಾಕೆ ತಗೋಬೇಕು?

ಬಂಕ್ ಡೀಸೆಲ್‌ನಲ್ಲೇ ನೂರಕ್ಕೆ 7ರವರೆಗೆ ಬಯೋಡೀಸೆಲ್ ಇರಲು ದೇಶದ ಗುಣಮಟ್ಟ ಸಂಸ್ಥೆ ಬಿಐಎಸ್ ಒಪ್ಪಿದೆ. ಅದಕ್ಕಿಂತ ಹೆಚ್ಚು ನಾನು ಹೊಸ ಗಾಡಿಗೆ ಹಾಕುವುದಿಲ್ಲ. ಡಿಪಿಎಫ್‌ನಲ್ಲಿ ಕೂತ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಿಟ್ಟಾಗ, ಬೇಗ ಆವಿಯಾಗದ ಬಯೋಡೀಸೆಲ್ ಇಳಿದು ಎಂಜಿನ್ ಆಯಿಲ್ ಸೇರಿಕೊಳ್ಳಬಹುದು. ಹಳೆಯದಕ್ಕೆ ಪೈಪ್ ಬದಲಾಯಿಸಿ ಮಿಕ್ಸನ್ನೇ ಮುಂದುವರಿಸಿದ್ದೇನೆ.